ಸೂಕ್ಷ್ಮಜೀವಿಗಳೂ ಸಹಜ ಮರಣವೂ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನೂರು ವರ್ಷಗಳ ಹಿಂದೆ ಈ ದೇವಾಲಯಕ್ಕಾಗಿ ಕಲ್ಲು ಹೊತ್ತ ಹಿರಿಯರನ್ನು ಇಂದು ನಾವು ಸ್ಮರಿಸುತ್ತಿದ್ದೇವೆ. ಅವರೆಲ್ಲರೂ ಮುಪ್ಪಾಗಿ ಅಗಲಿದರು. ಮುಪ್ಪೆಂಬುದು ಸೋಲೇ, ಅವಮಾನವೇ? ಈ ಪ್ರಶ್ನೆಯನ್ನು ಕುರಿತು ಕಣ್ಣಿಗೆ ಕಾಣದ ಜೀವಿಗಳಿಂದಲೂ ನಾವು ಕಲಿಯಬಹುದಾಗಿದೆ.

ಎರಡಾಗಿ ಸೀಳಿ ವೃದ್ಧಿಸುವ ಏಕಕೋಶ ಜೀವಿಗಳಿಗೆ ಸಹಜ ಮರಣವೇ ಇಲ್ಲವೆಂದು 1880ರ ದಶಕದಲ್ಲಿ ಜರ್ಮನಿಯ ಆಗಸ್ಟ್ ವೈಸ್‌ಮನ್ ವಾದಿಸಿದರು. ಆದರೆ 2005ರಲ್ಲಿ ಪ್ಯಾರಿಸಿನ ಸಂಶೋಧಕರು ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೊಲೈ ಬ್ಯಾಕ್ಟೀರಿಯಾವನ್ನು ಪೀಳಿಗೆ ಪೀಳಿಗೆಯಾಗಿ ಗಮನಿಸಿದರು. ಸೀಳಿದೆಡೆಯಲ್ಲಿ ಹೊಸ ತುದಿ ಮೂಡುತ್ತದೆ; ಹಳೆಯ ತುದಿಯನ್ನು ಪಡೆಯುತ್ತಲೇ ಬಂದ ಕೋಶದ ಬೆಳವಣಿಗೆ ಮಾತ್ರ ಮಂದವಾಗುತ್ತದೆಂದು ಅವರು ಕಂಡರು.

ಹಿಟ್ಟನ್ನು ಉಬ್ಬಿಸುವ ಯೀಸ್ಟಿನಲ್ಲಿ ಈ ಮಾತು ಇನ್ನೂ ಸ್ಪಷ್ಟ. ತಾಯಿಕೋಶವು ಮೊಗ್ಗಿನಂತೆ ಮರಿಕೋಶವನ್ನು ಹೊರಡಿಸುತ್ತದೆ. ಪ್ರತಿ ಬಾರಿಯೂ ಅದರ ಮೈಮೇಲೆ ಒಂದು ಕಲೆ ಉಳಿಯುತ್ತದೆ. ಸಾಮಾನ್ಯವಾಗಿ 20–30 ಮರಿಗಳ ಬಳಿಕ ತಾಯಿ ಸಾಯುತ್ತದೆ. ತಾಯಿಯ ಆಯುಷ್ಯಕ್ಕೆ ಹೀಗೊಂದು ಮಿತಿಯಿರುವುದನ್ನು 1959ರಲ್ಲಿ ಮಾರ್ಟಿಮರ್ ಮತ್ತು ಜಾನ್‌ಸ್ಟನ್ ತೋರಿಸಿಕೊಟ್ಟರು. ಕೆಟ್ಟ ಪ್ರೋಟೀನುಗಳ ಬಹುಭಾಗವನ್ನು ತಾಯಿ ತನ್ನಲ್ಲೇ ಇರಿಸಿಕೊಳ್ಳುವುದರಿಂದ ಮರಿಯು ಹೊಸ ಆಯುಷ್ಯದೊಡನೆ ಬಾಳನ್ನಾರಂಭಿಸುತ್ತದೆ.

ಯೀಸ್ಟಿಗೆ ತ್ಯಾಗಬುದ್ಧಿಯಿದೆಯೆಂದು ನಾವು ಹೇಳುತ್ತಿಲ್ಲ. ಅದು ಅರಿಯದೆ ಮಾಡುವುದನ್ನು ನಮ್ಮ ಹಿರಿಯರು ಅರಿತು, ಪ್ರೀತಿಯಿಂದ ಮಾಡಿದರು. ಸವೆತವನ್ನು ತಾವಿರಿಸಿಕೊಂಡು ಹೊಸತನ್ನು ನಮಗಿತ್ತರು. ಅಂಥವರನ್ನು ಮನೆಯ ಮೂಲೆಗೆ ತಳ್ಳುವುದು ಪಡೆದ ಸಾಲವನ್ನು ಅಲ್ಲಗಳೆದಂತೆ.

ಅವರ ಮರಣ ಸಮೀಪಿಸಿದಾಗಲೂ ಎರಡು ತಪ್ಪುಗಳಿಂದ ನಾವು ದೂರವಿರಬೇಕು. ಒಂದು, ಮರಣವನ್ನು ನಾವೇ ತಂದೊಡ್ಡುವುದು. ಇನ್ನೊಂದು, ಫಲವಿಲ್ಲದ ಚಿಕಿತ್ಸೆಯಿಂದ ಯಾತನೆಯನ್ನು ನೀಳವಾಗಿಸುವುದು. ದಯಾಮರಣವನ್ನು ಖಂಡಿಸಿದ 1980ರ ವ್ಯಾಟಿಕನ್ ಘೋಷಣೆಯು, ಸಾವು ಸನ್ನಿಹಿತವಾದಾಗ ಬರಿಯ ಭಾರವಾಗುವ ಚಿಕಿತ್ಸೆಯನ್ನು ನಿರಾಕರಿಸಲು ಅವಕಾಶವಿತ್ತಿದೆ. ಸಾಮಾನ್ಯ ಆರೈಕೆಯನ್ನು ನಿಲ್ಲಿಸಲಾಗದೆಂದೂ ತಿಳಿಸಿದೆ. ಒಂದು ಗುಟುಕು ನೀರು, ಕೈಹಿಡಿದು ಕುಳಿತ ಮಕ್ಕಳು, ಅಭ್ಯಂಗ ಸಂಸ್ಕಾರ, ಮನೆಮಂದಿಯ ಜಪಸರ: ಇಷ್ಟನ್ನು ಎಷ್ಟು ಬಡವರಾದರೂ ನಾವು ಕೊಡಬಲ್ಲೆವು.

ಯೀಸ್ಟಿನ ಪಾಠ ಇಲ್ಲಿಗೆ ಮುಗಿಯುತ್ತದೆ. ಶುಭಸಂದೇಶದ ಗೋಧಿಕಾಳಿನ ಸಾಮತಿಯು ನಮ್ಮನ್ನು ಇನ್ನೂ ಮುಂದಕ್ಕೆ, ಪುನರುತ್ಥಾನದ ಭರವಸೆಗೆ ಕರೆದೊಯ್ಯುತ್ತದೆ. ಆ ಭರವಸೆಯಿಂದ ಅಗಲಿದವರಿಗಾಗಿ ಪ್ರಾರ್ಥಿಸೋಣ. ಇರುವ ವೃದ್ಧರ ಬಳಿ ಇಂದು ಸಂಜೆಯೇ ಹೋಗಿ ಕುಳಿತುಕೊಳ್ಳೋಣ.