ಸ್ಟೇಷನ್ ರಸ್ತೆಯ ಫೋಟೋ



ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ಹಾದಿಯಲ್ಲಿ ಅರಸಾಳು ಎಂಬ ಪುಟ್ಟ ರೈಲು ನಿಲ್ದಾಣವಿದೆ. 1980ರ ದಶಕದಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗಾಗಿ ಅಲ್ಲಿ ಕ್ಯಾಮೆರಾ ಇಟ್ಟರು. ಆಗ ಅದು ಮೀಟರ್ ಗೇಜ್ ಹಳಿ. ಮುಂದೆ ಬ್ರಾಡ್ ಗೇಜ್ ಬಂತು, ಹಳೆಯ ಕಟ್ಟಡ ಕೆಲಸವಿಲ್ಲದೆ ನಿಂತಿತು. 2020ರಲ್ಲಿ ಅದನ್ನೇ ದುರಸ್ತಿ ಮಾಡಿ ಮಾಲ್ಗುಡಿ ಮ್ಯೂಸಿಯಂ ಮಾಡಿದರು. ಚಿತ್ರೀಕರಣ ನಡೆಯದೇ ಹೋಗಿದ್ದರೆ ಆ ಕಟ್ಟಡದ ನೆನಪು ಯಾರಿಗಿರುತ್ತಿತ್ತು?

ಉಳಿದ ಊರುಗಳಿಗೆ ಈ ಭಾಗ್ಯವಿಲ್ಲ. ತೇರಿನದು, ಮದುವೆಯದು ರಾಶಿ ರಾಶಿ ಫೋಟೋಗಳಿವೆ. ಸುಮ್ಮನೆ ಒಂದು ಮಂಗಳವಾರ ಪೇಟೆ ಬೀದಿ ಹೇಗಿತ್ತು ಎಂದು ಕೇಳಿದರೆ ತೋರಿಸಲು ಒಂದೂ ಇಲ್ಲ. ಹಳೆಯ ದಿನಸಿ ಅಂಗಡಿಗಳಿಗೆ ಹಲಗೆ ಬಾಗಿಲು. ಸಾಲು ತಪ್ಪದಿರಲೆಂದು ಪ್ರತಿ ಹಲಗೆಯ ಮೇಲೂ ಬಣ್ಣದಲ್ಲಿ ಒಂದು, ಎರಡು, ಮೂರು ಎಂದು ಬರೆದಿರುತ್ತಿದ್ದರು. ಬೆಳಗ್ಗೆ ಯಜಮಾನರು ಅವನ್ನು ಒಂದೊಂದಾಗಿ ಕಳಚಿ ಗೋಡೆಗೆ ಒರಗಿಸುತ್ತಿದ್ದರು. ಈಗ ರೋಲಿಂಗ್ ಶಟರ್. ಸ್ಟೇಷನ್ನಿನ ಕಿಂಡಿಯಲ್ಲಿ ತಾರೀಖು ಒತ್ತಿ ಕೊಡುತ್ತಿದ್ದ ರಟ್ಟಿನ ಟಿಕೆಟ್ಟೂ ಹೋಯಿತು. ಹೋಗುವಾಗ ಯಾರಿಗೂ ಅದು ದೊಡ್ಡ ಸುದ್ದಿಯಾಗಲಿಲ್ಲ. ನನಗೆ ಸಂಕಟವಾಗುವುದು ಅದಕ್ಕೇ.

ಇಂದು ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಸ್ಟೇಷನ್ನಿನ ಹಳದಿ ಬೋರ್ಡಿನ ಮುಂದೆ ನಮ್ಮ ಮುಖ ತೆಗೆದುಕೊಂಡಾದ ಮೇಲೆ ಬೋರ್ಡಿನದೂ ಒಂದು ತೆಗೆಯೋಣ, ಸಮುದ್ರಮಟ್ಟದಿಂದ ಊರಿನ ಎತ್ತರ ಬರೆದ ಸಾಲು ಕಾಣುವ ಹಾಗೆ. ಹೂ ಕಟ್ಟುವ ಅಮ್ಮನನ್ನು ಕೇಳಿ, ಅವರು ಹೂಂ ಅಂದರೆ ಅವರದೂ ಒಂದು. ಜೊತೆಗೆ ತಾರೀಖು, ಬೀದಿಯ ಹೆಸರು ಬರೆದಿಡೋಣ. ಮೊಮ್ಮಕ್ಕಳು ಮೊದಲು ಕೇಳುವುದು ಅದನ್ನೇ.