ಶಿಕ್ಷೆ ಯಾರಿಗೆ, ರಕ್ಷಣೆ ಯಾರಿಗೆ: ಅನೈತಿಕ ವ್ಯವಹಾರ ತಡೆ ಕಾನೂನು ಮತ್ತು ಗ್ರಾಮ ಪಂಚಾಯಿತಿ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ವೇಶ್ಯಾವಾಟಿಕೆಯ ಪ್ರಕರಣವೊಂದು ಗ್ರಾಮದಲ್ಲಿ ಬೆಳಕಿಗೆ ಬಂದಾಗ ಸಾಮಾನ್ಯವಾಗಿ ಮೊದಲು ಕೇಳಿಬರುವ ಮಾತು ‘ಆಕೆಯನ್ನು ಊರು ಬಿಡಿಸಿ’ ಎಂಬುದು. ತಿಳಿದೂ ಮನೆಯನ್ನು ಬಾಡಿಗೆಗೆ ಕೊಟ್ಟ ಮಾಲೀಕ, ಕೆಲಸ ಕೊಡಿಸುವುದಾಗಿ ನಂಬಿಸಿ ಕರೆತಂದ ದಲ್ಲಾಳಿ, ಆಕೆಯ ಗಳಿಕೆಯಲ್ಲಿ ಪಾಲು ಪಡೆಯುವಾತ ಇವರ ಹೆಸರು ಚರ್ಚೆಗೆ ಬರುವುದು ವಿರಳ. ಆದರೆ ಕಾನೂನಿನ ಕಠಿಣ ಶಿಕ್ಷೆಗಳು ಮೀಸಲಾಗಿರುವುದು ಇವರಿಗೇ.

ಈ ವಿಷಯದ ಮೂಲ ಕಾನೂನು ಅನೈತಿಕ ವ್ಯವಹಾರ (ತಡೆ) ಅಧಿನಿಯಮ, 1956. ಇದರ 3ನೇ ಪ್ರಕರಣದಂತೆ ವೇಶ್ಯಾಗೃಹ ನಡೆಸುವವರಿಗೆ ಮೊದಲ ಅಪರಾಧಕ್ಕೆ 1ರಿಂದ 3 ವರ್ಷ, ಮತ್ತೆ ತಪ್ಪೆಸಗಿದರೆ 2ರಿಂದ 5 ವರ್ಷ ಕಠಿಣ ಕಾರಾವಾಸ ವಿಧಿಸಬಹುದು. ತಿಳಿದೂ ಕಟ್ಟಡ ನೀಡಿದ ಮಾಲೀಕನಿಗೆ ಮೊದಲ ಅಪರಾಧಕ್ಕೆ 2 ವರ್ಷಗಳವರೆಗೆ ಶಿಕ್ಷೆಯುಂಟು. ಇತರರ ವೇಶ್ಯಾವೃತ್ತಿಯ ಗಳಿಕೆಯಿಂದ ಜೀವಿಸುವವರು 4ನೇ ಪ್ರಕರಣದಡಿ ಅಪರಾಧಿಗಳು. ಆ ಗಳಿಕೆ 18 ವರ್ಷದೊಳಗಿನವರದಾಗಿದ್ದರೆ ಶಿಕ್ಷೆ 7ರಿಂದ 10 ವರ್ಷ. ಈ ವೃತ್ತಿಗಾಗಿ ವ್ಯಕ್ತಿಯನ್ನು ಕರೆದೊಯ್ಯುವ ದಲ್ಲಾಳಿಗೆ 5ನೇ ಪ್ರಕರಣದಂತೆ 3ರಿಂದ 7 ವರ್ಷ, ಇಚ್ಛೆಗೆ ವಿರುದ್ಧವಾಗಿದ್ದರೆ 14 ವರ್ಷಗಳವರೆಗೆ ಕಠಿಣ ಕಾರಾವಾಸ. ‘ಆಕೆ ಒಪ್ಪಿಯೇ ಬಂದಳು’ ಎಂಬ ಸಮಜಾಯಿಷಿಯಿಂದ ದಲ್ಲಾಳಿ ಪಾರಾಗುವಂತಿಲ್ಲ.

ಸಾರ್ವಜನಿಕ ಸ್ಥಳದಲ್ಲಿ ಆಹ್ವಾನಿಸುವುದು ಹಾಗೂ ದೇವಾಲಯ, ಶಾಲೆ, ಆಸ್ಪತ್ರೆಗಳಂತಹ ಸ್ಥಳಗಳಿಂದ 200 ಮೀಟರ್ ಒಳಗೆ ವೃತ್ತಿ ನಡೆಸುವುದು ಅಪರಾಧವೆಂಬುದು ನಿಜ. ಆದರೂ ಮಹಿಳೆಯನ್ನು ಊರಿನಿಂದ ಹೊರಹಾಕುವ ಠರಾವು ಮಾಡಲು ಪಂಚಾಯಿತಿಗೆ ಅಧಿಕಾರವಿಲ್ಲ. 20ನೇ ಪ್ರಕರಣದಡಿ ಅಂತಹ ಆದೇಶ ಮಾಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದ್ದು, ಅವರೂ ನೋಟಿಸು ನೀಡಿ, ವಿಚಾರಣೆ ನಡೆಸಿಯೇ ತೀರ್ಮಾನಿಸಬೇಕು. ಮಾನವೀಯ ಘನತೆಯ ಮೂಲ ರಕ್ಷಣೆಯು ಲೈಂಗಿಕ ವೃತ್ತಿನಿರತರಿಗೂ ಅವರ ಮಕ್ಕಳಿಗೂ ಅನ್ವಯಿಸುತ್ತದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಮೇ 19ರಂದು ಸ್ಪಷ್ಟಪಡಿಸಿದೆ. ಆದ್ದರಿಂದ ಅಂತಹ ಕುಟುಂಬದ ಪಡಿತರ, ನೀರಿನ ಸಂಪರ್ಕ ಅಥವಾ ಮಗುವಿನ ಶಾಲಾ ದಾಖಲಾತಿಗೆ ಅಡ್ಡಿಪಡಿಸುವುದು ಸಲ್ಲದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೇ ಪ್ರಕರಣವು ಮಾನವ ಸಾಗಾಣಿಕೆಗೆ 7ರಿಂದ 10 ವರ್ಷ, ಮಗುವಿನ ಸಾಗಾಣಿಕೆಗೆ 10 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ವಿಧಿಸುತ್ತದೆ. ಸಾರ್ವಜನಿಕ ನೌಕರನೇ ಈ ಕೃತ್ಯದಲ್ಲಿ ಭಾಗಿಯಾದರೆ ಬದುಕಿರುವವರೆಗೂ ಸೆರೆವಾಸ. ಪಂಚಾಯತ್ ರಾಜ್ ಕಾನೂನಿನಂತೆ ಸದಸ್ಯರೂ ಸಾರ್ವಜನಿಕ ನೌಕರರೆಂದು ಪರಿಗಣಿತರಾಗುವುದರಿಂದ ಈ ಉಪಬಂಧವನ್ನು ಪ್ರತಿಯೊಬ್ಬ ಸದಸ್ಯರೂ ಅರಿತಿರಬೇಕು.

ಕರ್ನಾಟಕದ ಮಟ್ಟಿಗೆ ದೇವದಾಸಿ ಪದ್ಧತಿಯನ್ನು ಮರೆಯುವಂತಿಲ್ಲ. ದೇವರ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಮುಂದೆ ನಗರಗಳ ವೇಶ್ಯಾಗೃಹಗಳಿಗೆ ಸಾಗಿಸಲ್ಪಟ್ಟ ಕಹಿ ಚರಿತ್ರೆ ಉತ್ತರ ಕರ್ನಾಟಕಕ್ಕಿದೆ. 1982ರ ದೇವದಾಸಿ (ಸಮರ್ಪಣಾ ನಿಷೇಧ) ಅಧಿನಿಯಮವು ಸಮರ್ಪಣೆಯಲ್ಲಿ ಭಾಗವಹಿಸಿದವರಿಗೆ 3 ವರ್ಷಗಳವರೆಗೆ ಶಿಕ್ಷೆ ನಿಗದಿಪಡಿಸಿತು. ತಂದೆ, ತಾಯಿ, ಪೋಷಕರು ಅಥವಾ ಬಂಧುಗಳೇ ತಪ್ಪಿತಸ್ಥರಾದರೆ 2 ವರ್ಷಕ್ಕೆ ಕಡಿಮೆಯಿಲ್ಲದಂತೆ 5 ವರ್ಷಗಳವರೆಗೆ ಶಿಕ್ಷೆ ಎಂದಿತು. ರಕ್ಷಿಸಬೇಕಾದವರೇ ಕೈಬಿಟ್ಟರೆ ಅಪರಾಧ ಇನ್ನಷ್ಟು ಘೋರವೆಂಬುದು ಇದರ ತಾತ್ಪರ್ಯ. ಹೆಣ್ಣುಮಗಳ ಸಮ್ಮತಿಯಿದ್ದರೂ ಸಮರ್ಪಣೆ ಕಾನೂನುಬಾಹಿರವೇ.

ಹಾಗಾದರೆ ಸದಸ್ಯರ ಕರ್ತವ್ಯವೇನು? ಅನುಮಾನ ಬಂದ ಮನೆಯ ಬಾಗಿಲನ್ನು ಜನರೇ ಒಡೆದು ನುಗ್ಗುವುದು ತರವಲ್ಲ. ಶೋಧನೆ ನಡೆಸುವ ಅಧಿಕಾರ ಪೊಲೀಸರದು. ಶೋಧನೆಯ ಸಮಯದಲ್ಲಿ ಸ್ಥಳೀಯರಾದ ಇಬ್ಬರು ಅಥವಾ ಹೆಚ್ಚು ಗೌರವಾನ್ವಿತರನ್ನು ಸಾಕ್ಷಿಗಳಾಗಿ ಕರೆಯಬೇಕೆಂದೂ ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕೆಂದೂ 15ನೇ ಪ್ರಕರಣ ಹೇಳುತ್ತದೆ. ಇಂತಹ ಕರೆ ಬಂದಾಗ ಮಹಿಳಾ ಸದಸ್ಯರು ಹಿಂಜರಿಯಬಾರದು. ಬಲಿಪಶು 18 ವರ್ಷದೊಳಗಿನವರಾಗಿದ್ದರೆ ಪೋಕ್ಸೋ ಕಾಯಿದೆ 2012ರಂತೆ ಮಾಹಿತಿ ನೀಡುವುದು ಕಡ್ಡಾಯ. ತಿಳಿದೂ ಮುಚ್ಚಿಟ್ಟರೆ 6 ತಿಂಗಳವರೆಗೆ ಸೆರೆವಾಸ ಅಥವಾ ಜುಲ್ಮಾನೆಗೆ ಗುರಿಯಾಗಬೇಕಾದೀತು. ತುರ್ತು ಸಹಾಯಕ್ಕೆ 112, ಮಕ್ಕಳ ಸಹಾಯವಾಣಿ 1098, ಮಹಿಳಾ ಸಹಾಯವಾಣಿ 181 ಸಂಖ್ಯೆಗಳನ್ನು ಪಂಚಾಯಿತಿ ಕಚೇರಿ, ಅಂಗನವಾಡಿ ಹಾಗೂ ಬಸ್ ನಿಲ್ದಾಣದ ಗೋಡೆಗಳ ಮೇಲೆ ಬರೆಸುವುದು ಕಡಿಮೆ ಖರ್ಚಿನ, ದೊಡ್ಡ ಪ್ರಯೋಜನದ ಕೆಲಸ.

ಶಾಲೆ ಬಿಟ್ಟ ಬಾಲಕಿ, ಪರಿಚಯವಿಲ್ಲದವರು ತರುವ ವರದಕ್ಷಿಣೆರಹಿತ ವಿವಾಹ ಪ್ರಸ್ತಾಪ, ಮುಂಗಡ ಹಣ ಕೊಟ್ಟು ದೂರದ ನಗರದಲ್ಲಿ ಕೆಲಸವೆನ್ನುವ ದಲ್ಲಾಳಿ ಇವು ಸಾಗಾಣಿಕೆಯ ಮುನ್ಸೂಚನೆಗಳಾಗಿರಬಹುದು. ಮಹಿಳಾ ಗ್ರಾಮ ಸಭೆಯಲ್ಲಿ ಇವು ಚರ್ಚೆಗೆ ಬರಬೇಕು. ಹಿಂದಿರುಗಿ ಬಂದ ಮಗಳ ಹೆಸರನ್ನು ನಡವಳಿ ಪುಸ್ತಕದಲ್ಲಿ ಬರೆಯದೆ, ಆಕೆಗೆ ಉದ್ಯೋಗ ಚೀಟಿ ದೊರಕಿಸಿ, ಸ್ವಸಹಾಯ ಸಂಘದಲ್ಲಿ ಸ್ಥಾನ ಕಲ್ಪಿಸಬೇಕು. ಆಕೆ ತಲೆಯೆತ್ತಿ ಬಾಳುವ ಊರಿನಲ್ಲಿ ದಲ್ಲಾಳಿಗೆ ಕಾಲಿಡಲು ಧೈರ್ಯ ಬಾರದು.