ಹೊಟ್ಟೆ ಮಿದುಳಿಗೆ ಹೇಳುವ ಮಾತು

ನವಲಗುಂದದ ಎರೆ ಹೊಲಗಳಲ್ಲಿ ದುಡಿಯುವವರ ಬುತ್ತಿಯನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು. ಕೈಯಲ್ಲಿ ಗಡಿಯಾರವಿಲ್ಲದಿದ್ದರೂ ಬುತ್ತಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಹಸಿವಾಗುತ್ತದೆ. ಮೂರ್ನಾಲ್ಕು ರೊಟ್ಟಿಯಾದ ಮೇಲೆ ‘ಇನ್ನು ಸಾಕು’ ಎನಿಸುತ್ತದೆ. ಹೊತ್ತಾಯಿತೆಂದು ಹೇಳುವವರು ಯಾರು? ಸಾಕೆಂದು ತಡೆಯುವವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಭಾರತೀಯರೊಬ್ಬರಿದ್ದಾರೆ. 1951ರಲ್ಲಿ ಡಾ. ಬಿ.ಕೆ. ಆನಂದ್ ಅವರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾನ್ ಬ್ರೋಬೆಕ್ ಅವರೊಡನೆ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್‌ನ ಎರಡೂ ಪಕ್ಕದ ಒಂದು ಸಣ್ಣ ಭಾಗವನ್ನು ನಾಶಗೊಳಿಸಿದಾಗ, ಇಲಿಗಳು ಎದುರಿಗಿಟ್ಟ ಆಹಾರವನ್ನೂ ಮುಟ್ಟಲಿಲ್ಲ. ಹಸಿವಿನ ಸೂತ್ರ ಮಿದುಳಿನಲ್ಲೂ ಇದೆಯೆಂದು ಇದರಿಂದ ಸ್ಪಷ್ಟವಾಯಿತು.

ಆದರೆ ಹೊಟ್ಟೆಯ ಸಮಾಚಾರ ಮಿದುಳಿಗೆ ತಲುಪುವುದು ಹೇಗೆ? ಒಂದು ದಾರಿ ವೇಗಸ್ ನರ, ಇನ್ನೊಂದು ರಕ್ತ. ರಕ್ತದಲ್ಲಿ ಸುದ್ದಿ ಒಯ್ಯುವ ರಾಸಾಯನಿಕಗಳೇ ಹಾರ್ಮೋನುಗಳು. ಜಠರ ಬರಿದಾದಾಗ ಅದರ ಗೋಡೆಯಿಂದ ಗ್ರೆಲಿನ್ ಎಂಬ ಹಾರ್ಮೋನು ಹೊರಡುತ್ತದೆ. 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವ ಇದನ್ನು ಕಂಡುಹಿಡಿದರು. ರೂಢಿಯ ಊಟದ ವೇಳೆ ಹತ್ತಿರವಾದಂತೆ ಇದರ ಪ್ರಮಾಣ ಏರುತ್ತದೆ. ಹೊಲದಲ್ಲಿ ಗಡಿಯಾರದ ಕೆಲಸ ಮಾಡುವುದರಲ್ಲಿ ಇದರ ಪಾಲೂ ಇದೆ.

ಉಂಡ ಆಹಾರ ಸಣ್ಣ ಕರುಳಿಗೆ ಇಳಿದಾಗ, ಅದರಲ್ಲಿರುವ ಕೊಬ್ಬು ಮತ್ತು ಪ್ರೋಟೀನಿನಿಂದ ಪ್ರಚೋದನೆಗೊಂಡು ಕೊಲಿಸಿಸ್ಟೊಕೈನಿನ್ ಸ್ರವಿಸುತ್ತದೆ. ಅದು ವೇಗಸ್ ನರದ ಮೂಲಕ ‘ಸಾಕು’ ಎಂದು ತಿಳಿಸುತ್ತದೆ. ಕರುಳಿನ ಕೆಳಭಾಗದ ಜಿಎಲ್‌ಪಿ-1 ಮತ್ತು ಪಿವೈವೈ ಅದಕ್ಕೆ ದನಿಗೂಡಿಸುತ್ತವೆ. ಈ ಸುದ್ದಿ ತಲುಪಲು ಸ್ವಲ್ಪ ಹೊತ್ತು ಬೇಕು. ಆದ್ದರಿಂದಲೇ ಬಸ್ಸಿಗೆ ಹೊತ್ತಾಯಿತೆಂದು ಗಬಗಬ ತಿಂದವರು ಸಾಕೆನಿಸುವ ಮೊದಲೇ ಹೆಚ್ಚು ತಿಂದಿರುತ್ತಾರೆ. ರೊಟ್ಟಿಯನ್ನು ನಿಧಾನವಾಗಿ ಅಗಿದು ತಿನ್ನಿರೆಂದು ಅಜ್ಜಿ ಹೇಳುವ ಮಾತಿನಲ್ಲಿ ವಿಜ್ಞಾನವಿದೆ.

ಇನ್ನೊಂದು ಹಾರ್ಮೋನು ಲೆಪ್ಟಿನ್, 1994ರಲ್ಲಿ ಪತ್ತೆಯಾಯಿತು. ದೇಹದ ಕೊಬ್ಬಿನಿಂದ ಹುಟ್ಟುವ ಇದು, ಮನೆಯ ಹಗೇವಿನಲ್ಲಿ ಜೋಳವೆಷ್ಟು ಉಳಿದಿದೆಯೆಂದು ಯಜಮಾನನಿಗೆ ಹೇಳುವಂತೆ, ಕೂಡಿಟ್ಟ ಕೊಬ್ಬಿನ ಲೆಕ್ಕವನ್ನು ಮಿದುಳಿಗೆ ಒಪ್ಪಿಸುತ್ತದೆ. ಉಪವಾಸವಿದ್ದು ತೂಕ ಇಳಿಸಿದರೆ ಲೆಪ್ಟಿನ್ ಕುಸಿಯುತ್ತದೆ, ಗ್ರೆಲಿನ್ ಏರುತ್ತದೆ, ಹಸಿವು ಇಮ್ಮಡಿಸಿದಂತಾಗುತ್ತದೆ.

ಆದ್ದರಿಂದ ವಿದ್ಯಾರ್ಥಿಗಳೆ, ತೆಳ್ಳಗಾಗಬೇಕೆಂದು ಊಟ ಬಿಡಬೇಡಿ. ದಪ್ಪಗಿರುವ ಗೆಳೆಯನನ್ನು ‘ಹೊಟ್ಟೆಬಾಕ’ ಎಂದು ಹೀಯಾಳಿಸಲೂಬೇಡಿ. ಹಸಿವು ಮನಸ್ಸಿನ ದೌರ್ಬಲ್ಯವಲ್ಲ. ನಮ್ಮನ್ನು ಬದುಕಿಸಲು ಹೊಟ್ಟೆ ಮತ್ತು ಮಿದುಳು ನಡೆಸುವ ಮಾತುಕತೆ. ಹೊತ್ತಿಗೆ ಸರಿಯಾಗಿ ಕುಳಿತು, ನಿಧಾನವಾಗಿ ಉಂಡು, ಆ ಮಾತು ಮುಗಿಯುವಷ್ಟು ಸಮಯ ಕೊಡೋಣ.